ಮಾತುಗಾರನೇ ಲೀಡರ್ ಆಗಬೇಕಾ? ಕಾಲೇಜು ತಂಡ ನಡೆಸುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಎನ್‌ಎಸ್‌ಎಸ್ ಕ್ಯಾಂಪಿನ ಮೊದಲ ಸಂಜೆ. ಹಳ್ಳಿ ಶಾಲೆಯ ಜಗಲಿಯಲ್ಲಿ ನಮ್ಮ ಕಾಲೇಜಿನ ಐವತ್ತು ಮಕ್ಕಳು ಕೂತಿದ್ದರು. ಎಲ್ಲರಿಗೂ ಬಸ್ಸಿನ ಸುಸ್ತು, ಹೊಟ್ಟೆ ಹಸಿವು. "ಲೀಡರ್ ಯಾರು ಆಗ್ತೀರಿ?" ಎಂದು ಕೇಳಿದೆ. ದಾರಿಯುದ್ದಕ್ಕೂ ಅಂತ್ಯಾಕ್ಷರಿ ಆಡಿಸಿಕೊಂಡು ಬಂದಿದ್ದ ಹುಡುಗನ ಕಡೆ ಎಲ್ಲರೂ ತಿರುಗಿದರು. ಕೈ ಎತ್ತಿ ಎಂದೆ, ಎತ್ತಿದರು. ಎರಡು ನಿಮಿಷಕ್ಕೆ ಆಯ್ಕೆ ಮುಗಿಯಿತು.

ನಾಲ್ಕನೇ ದಿನ ಬೆಳಿಗ್ಗೆ ಗ್ಯಾಸ್ ಖಾಲಿ. ದೊಡ್ಡ ಬಾಣಲೆಯಲ್ಲಿ ಉಪ್ಪಿಟ್ಟು ಅರ್ಧ ಬೆಂದು ನಿಂತಿದೆ. ಊರಿನವರು ಗುದ್ದಲಿ, ಬುಟ್ಟಿ ಹಿಡಿದು ಕೆರೆ ಏರಿ ಮೇಲೆ ಕಾಯುತ್ತಿದ್ದಾರೆ. ನಮ್ಮ ಲೀಡರ್ ಹುಡುಗ "ಏನಾಗಲ್ಲ ಬನ್ರೋ" ಎಂದು ಎಲ್ಲರನ್ನೂ ಹುರಿದುಂಬಿಸುತ್ತಿದ್ದ, ಪಾಪ. ಆಗ ತೀರ್ಥಹಳ್ಳಿ ಕಡೆಯ ಒಬ್ಬಳು ಹುಡುಗಿ ನೂರು ಪುಟದ ನೋಟ್‌ಬುಕ್ ಹಿಡಿದು ನನ್ನ ಹತ್ತಿರ ಬಂದಳು. ಮೂರು ದಿನದಿಂದ ಅವಳ ಬಾಯಿಂದ ನಾಲ್ಕು ಮಾತು ಕೇಳಿರಲಿಲ್ಲ. ಅದರಲ್ಲಿ ಯಾವ ಸಿಲಿಂಡರ್ ಯಾವತ್ತು ಹಚ್ಚಿದ್ದು, ಎಷ್ಟು ಅಕ್ಕಿ ಖರ್ಚಾಯಿತು, ಯಾರ ಮನೆಯಿಂದ ಯಾವ ಪಾತ್ರೆ ತಂದದ್ದು ಎಲ್ಲ ಇತ್ತು.

"ಇವತ್ತು ಖಾಲಿ ಆಗುತ್ತೆ ಅಂತ ನಿನ್ನೆನೇ ಗೊತ್ತಿತ್ತು ಸರ್. ಅಂಗನವಾಡಿ ಪಕ್ಕದ ಮನೆ ಅಮ್ಮನ ಹತ್ರ ಕೇಳಿಟ್ಟಿದ್ದೀನಿ. ಅವರ ಹಿತ್ತಿಲ ಒಲೆ, ಸೌದೆ ಕೊಡ್ತಾರಂತೆ."

"ಮತ್ತೆ ನಿನ್ನೆನೇ ಯಾಕಮ್ಮ ಹೇಳಲಿಲ್ಲ?"

"ಯಾರೂ ಕೇಳಲಿಲ್ವಲ್ಲ ಸರ್."

ತಪ್ಪು ಆ ಹುಡುಗನದ್ದಲ್ಲ, ಈ ಹುಡುಗಿಯದ್ದೂ ಅಲ್ಲ. ಕೈ ಎತ್ತಿಸಿ ಲೀಡರ್ ಆರಿಸಿದ ನನ್ನದು. ಆಮೇಲಿಂದ ಕ್ಯಾಂಪು, ಕಾಲೇಜು ಡೇ, ಅಂತರ್ ಕಾಲೇಜು ಸ್ಪರ್ಧೆ ಏನೇ ಇರಲಿ, ತಂಡ ಕಟ್ಟುವ ಮೊದಲು ಮಕ್ಕಳ ಸ್ವಭಾವ ನೋಡುವುದನ್ನು ರೂಢಿ ಮಾಡಿಕೊಂಡೆ. ನನಗೆ ಕೆಲಸಕ್ಕೆ ಬಂದದ್ದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ನೀವು ಕ್ಲಾಸ್ ರೆಪ್ ಇರಬಹುದು, ಹಾಸ್ಟೆಲ್ ಮೆಸ್ ಕಮಿಟಿಯಲ್ಲಿರಬಹುದು, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂಎ ಓದುತ್ತಾ ವಿಭಾಗದ ಸೆಮಿನಾರ್ ಹೊಣೆ ಹೊತ್ತಿರಬಹುದು. ವಿಷಯ ಒಂದೇ.

ಮೊದಲು ಒಂದು ಲೆಕ್ಕ

ಲೀಡರ್ ಆಗಿ ಆಯ್ಕೆ ಆಗುವುದು ಬೇರೆ, ಲೀಡರ್ ಆಗಿ ಕೆಲಸ ನಡೆಸುವುದು ಬೇರೆ. ಇವೆರಡಕ್ಕೂ ಬೇಕಾಗುವ ಗುಣಗಳೂ ಒಂದೇ ಅಲ್ಲ. ಇದು ನನ್ನ ಊಹೆಯಲ್ಲ. 2002ರಲ್ಲಿ ಸಂಶೋಧಕ ತಿಮೊತಿ ಜಡ್ಜ್ ಮತ್ತು ಅವರ ಸಂಗಡಿಗರು ಅಲ್ಲಿಯವರೆಗೆ ನಡೆದಿದ್ದ ಹತ್ತಾರು ಅಧ್ಯಯನಗಳನ್ನು ಒಟ್ಟು ಹಾಕಿ ಲೆಕ್ಕ ಹಾಕಿದರು. ಸ್ವಭಾವಕ್ಕೂ ನಾಯಕತ್ವಕ್ಕೂ ಎಷ್ಟು ನಂಟು ಎಂದು ನೋಡುವ ಲೆಕ್ಕ ಅದು. 0 ಬಂದರೆ ನಂಟೇ ಇಲ್ಲ, 1 ಬಂದರೆ ಎರಡೂ ಪೂರ್ತಿ ಜೊತೆಜೊತೆ ಎಂದರ್ಥ.

ಅವರು ಬಳಸಿದ್ದು ಬಿಗ್ ಫೈವ್ ಎನ್ನುವ ಐದು ಗುಣಗಳ ಅಳತೆ. ಅದರ ಬೇರು ಹಳೆಯದು. 1936ರಲ್ಲಿ ಆಲ್‌ಪೋರ್ಟ್ ಮತ್ತು ಓಡ್ಬರ್ಟ್ ಎಂಬ ಇಬ್ಬರು ಇಂಗ್ಲಿಷ್ ನಿಘಂಟು ಹಿಡಿದು ಕೂತು, ಮನುಷ್ಯರನ್ನು ಬಣ್ಣಿಸುವ ಸುಮಾರು 18 ಸಾವಿರ ಪದ ಹೆಕ್ಕಿದರು. ಮುಂದಿನವರು ಅದನ್ನು ಸೋಸಿ ಸೋಸಿ ಐದು ಗುಂಪಿಗೆ ಇಳಿಸಿದರು. ಪುಸ್ತಕದಲ್ಲಿ ಅವಕ್ಕೆ ಬಹಿರ್ಮುಖತೆ ಅದು ಇದು ಎಂಬ ದೊಡ್ಡ ಹೆಸರುಗಳಿವೆ. ನಾನು ಮಕ್ಕಳಿಗೆ ಹೇಳುವುದು ಹೀಗೆ: ಮಾತು, ಅಚ್ಚುಕಟ್ಟು, ಕುತೂಹಲ, ದಾಕ್ಷಿಣ್ಯ, ಕಳವಳ. ಪೂರ್ತಿ ಸರಿಸಮ ಅಲ್ಲ, ಆದರೆ ಮಲೆನಾಡಿನವರಿಗೆ ಥಟ್ಟನೆ ಅರ್ಥವಾಗುತ್ತದೆ.

ಈಗ ಅಂಕಿ ನೋಡಿ. ಆಯ್ಕೆ ಆಗುವುದಕ್ಕೂ ಮಾತಿಗೂ ಇರುವ ನಂಟು 0.33. ಕೆಲಸ ಚೆನ್ನಾಗಿ ನಡೆಸುವುದಕ್ಕೆ ಬಂದಾಗ ಅದು 0.24ಕ್ಕೆ ಇಳಿಯುತ್ತದೆ. ದಾಕ್ಷಿಣ್ಯದ ಕಥೆ ಇದಕ್ಕೆ ಉಲ್ಟಾ. ಆಯ್ಕೆಗೆ ಬರೀ 0.05, ಅಂದರೆ ಇಲ್ಲವೆಂದೇ ಲೆಕ್ಕ. ನಡೆಸುವುದಕ್ಕೆ 0.21. ನಾಲ್ಕು ಜನರ ಮನಸ್ಸು ನೋಯಿಸದೆ ನಡೆದುಕೊಳ್ಳುವವರನ್ನು ನಾವು ಆರಿಸುವುದಿಲ್ಲ. ಆದರೆ ಕೆಲಸ ಕೈಗೆ ಬಂದರೆ ಅವರು ಮಾತುಗಾರರಿಗೆ ಹೆಚ್ಚುಕಡಿಮೆ ಸರಿಸಮವಾಗಿ ನಡೆಸುತ್ತಾರೆ. ಈ ಅಂಕಿಗಳು ಯಾವುವೂ ದೊಡ್ಡವಲ್ಲ ಎಂಬುದನ್ನೂ ಗಮನಿಸಿ. ಹಣೆಬರಹ ನಿರ್ಧರಿಸುವಷ್ಟು ಶಕ್ತಿ ಸ್ವಭಾವಕ್ಕಿಲ್ಲ. ಒಂದು ಕಡೆಗೆ ವಾಲಿಸುವಷ್ಟು ಇದೆ.

ಹಂತ 1: ಎರಡು ವಾರ ನಿಮ್ಮನ್ನೇ ನೋಡಿಕೊಳ್ಳಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮೊಬೈಲ್ ಬೇಡ, ಅದರಲ್ಲಿ ಬರೆದದ್ದನ್ನು ಯಾರೂ ತಿರುಗಿ ಓದುವುದಿಲ್ಲ. ದಿನಾ ರಾತ್ರಿ ಮೂರೇ ಸಾಲು ಬರೆಯಿರಿ. ಇವತ್ತು ಯಾವ ಕೆಲಸ ಮಾಡಿ ಸುಸ್ತಾಯಿತು? ಯಾವುದು ಮಾಡಿ ಹುರುಪು ಬಂತು? ಯಾವುದನ್ನು ನಾಳೆಗೆ ತಳ್ಳಿದೆ? ಹದಿನಾಲ್ಕು ದಿನಕ್ಕೆ 42 ಸಾಲು. ಮೂರನೇ ಪ್ರಶ್ನೆಯ ಉತ್ತರಗಳನ್ನು ಒಟ್ಟಿಗೆ ಓದಿದರೆ ನಿಮ್ಮ ಸ್ವಭಾವ ಎದ್ದು ಕಾಣುತ್ತದೆ. ಒಬ್ಬ ಹುಡುಗನ ಪುಸ್ತಕದಲ್ಲಿ ಒಂಬತ್ತು ಸಲ ಒಂದೇ ವಿಷಯವಿತ್ತು: 'ಪ್ರಿನ್ಸಿಪಾಲರ ಹತ್ತಿರ ಸಹಿ ಹಾಕಿಸುವುದು.'

ಆಮೇಲೆ ಒಂದು ಪರೀಕ್ಷೆ ತೆಗೆದುಕೊಳ್ಳಿ. ಲೂಯಿಸ್ ಗೋಲ್ಡ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞ ಶುರು ಮಾಡಿದ ಐಪಿಐಪಿ ಎಂಬ ಪ್ರಶ್ನೆಗಳ ಭಂಡಾರ ಇಂಟರ್ನೆಟ್ಟಿನಲ್ಲಿದೆ. ಪೂರ್ತಿ ಉಚಿತ. 50 ಪ್ರಶ್ನೆಯದ್ದು ಸಾಕು. ಉತ್ತರಿಸುವಾಗ ಹೇಗಿರಬೇಕಿತ್ತು ಎಂದಲ್ಲ, ಹೇಗಿದ್ದೀರಿ ಎಂದು ಬರೆಯಿರಿ. ಇಂಟರ್‌ವ್ಯೂಗೆ ಹೋದವರ ಹಾಗೆ ಉತ್ತರಿಸಿದರೆ ಅರ್ಧ ಗಂಟೆ ದಂಡ, ಅಷ್ಟೇ.

ನಾಲ್ಕು ಅಕ್ಷರದ 16 ಪಂಗಡಗಳ ಎಂಬಿಟಿಐ ಪರೀಕ್ಷೆ ಕ್ಯಾಂಪಸ್‌ಗಳಲ್ಲಿ ತುಂಬಾ ಓಡುತ್ತದೆ. ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಾಬೆಲ್ ಮಯರ್ಸ್ ರೂಪಿಸಿದ್ದು. ಮಾತಿಗೆ ಮಜವಾಗಿದೆ, ತಂಡ ಕಟ್ಟಲು ಬೇಡ. ಅದು ಜನರನ್ನು ನಡುಮಧ್ಯಕ್ಕೆ ಕತ್ತರಿಸಿ ನೀನು ಈ ಕಡೆ, ನೀನು ಆ ಕಡೆ ಎನ್ನುತ್ತದೆ. ಬಹಳಷ್ಟು ಜನ ಇರುವುದೇ ಆ ಮಧ್ಯದಲ್ಲಿ. ಹಾಗಾಗಿ ತಿಂಗಳು ಬಿಟ್ಟು ಮತ್ತೆ ಬರೆದರೆ ಅನೇಕರಿಗೆ ಪಂಗಡವೇ ಬದಲಾಗುತ್ತದೆ.

ಕೊನೆಗೆ ಮೂವರನ್ನು ಕೇಳಿ: ರೂಮ್‌ಮೇಟ್, ಮನೆಯಲ್ಲಿ ಒಬ್ಬರು, ನಿಮ್ಮ ಜೊತೆ ಒಮ್ಮೆಯಾದರೂ ಜಗಳ ಆಡಿದವರೊಬ್ಬರು. "ನಾನು ಹೇಗೆ?" ಎಂದು ಮಾತ್ರ ಕೇಳಬೇಡಿ. "ಒಳ್ಳೆಯವನು ಮಾರಾಯ" ಎಂದು ಹೇಳಿ ಕಾಫಿ ಕುಡಿದು ಹೋಗುತ್ತಾರೆ. "ಯಾವ ಕೆಲಸ ನನ್ನ ಕೈಗೆ ಕೊಡೋಕೆ ನಿನಗೆ ಹೆದರಿಕೆ?" ಎಂದು ಕೇಳಿ. ಈ ಪ್ರಶ್ನೆಗೆ ಸುಳ್ಳು ಹೇಳುವುದು ಕಷ್ಟ.

ಹಂತ 2: ನಿಮ್ಮ ವಾಲು ಯಾವ ಕಡೆ, ಅದಕ್ಕೆ ಊರುಗೋಲು ಏನು

*ಮಾತು ಜಾಸ್ತಿ ಇದ್ದರೆ.* ನಿಮ್ಮನ್ನು ಜನ ಆರಿಸಿದ್ದು ನಿಮ್ಮ ವಿಚಾರಕ್ಕಲ್ಲದಿರಬಹುದು. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಲೀಡರ್ ಇಲ್ಲದ 33 ಗುಂಪುಗಳಿಗೆ ಕೆಲಸ ಕೊಟ್ಟು, ಕೊನೆಗೆ "ನಿಮ್ಮಲ್ಲಿ ಲೀಡರ್ ಯಾರು?" ಎಂದು ಕೇಳಿದರು. ಯಾರು ಜಾಸ್ತಿ ಹೊತ್ತು ಮಾತಾಡಿದ್ದರೋ ಅವರ ಕಡೆ ಬೆರಳು ಹೋಯಿತು. ಬುದ್ಧಿಮಟ್ಟ, ಸ್ವಭಾವ ಎಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಮಾತಿನ ಹೊತ್ತೇ ಗೆದ್ದಿತು. ಗಂಡಸರಿಗೆ ಅದರ ಮೇಲೆ ಇನ್ನೂ ಸ್ವಲ್ಪ ಮತ ಹೆಚ್ಚು ಬಿತ್ತು. ಹುಡುಗಿಯರೇ ಹೆಚ್ಚಿರುವ ಎಷ್ಟೋ ಕ್ಲಾಸಿನಲ್ಲಿ ರೆಪ್ ಹುಡುಗನೇ ಆಗುವುದನ್ನು ನೋಡಿದವರಿಗೆ ಇದು ಹೊಸತಲ್ಲ.

ಇನ್ನೊಂದು ವಿಷಯ. 2011ರಲ್ಲಿ ಸಂಶೋಧಕ ಆಡಂ ಗ್ರಾಂಟ್ ಮತ್ತು ಸಂಗಡಿಗರು ಅಮೆರಿಕದ ಪಿಜ್ಜಾ ಅಂಗಡಿಗಳನ್ನು ನೋಡಿದರು. ಆಮೇಲೆ ಕಾಲೇಜು ವಿದ್ಯಾರ್ಥಿಗಳಿಗೆ ಟಿ-ಶರ್ಟ್ ಮಡಚುವ ಕೆಲಸ ಕೊಟ್ಟೂ ನೋಡಿದರು. ತಂಡದವರು ಹೇಳಿದ್ದನ್ನಷ್ಟೇ ಮಾಡುವ ಸ್ವಭಾವದವರಾಗಿದ್ದರೆ ಮಾತುಗಾರ ಲೀಡರ್ ಇದ್ದಲ್ಲಿ ಕೆಲಸ ಚೆನ್ನಾಗಾಯಿತು. ತಂಡದವರೇ ಮುಂದೆ ಬಿದ್ದು ಉಪಾಯ ಹೇಳುವವರಾಗಿದ್ದರೆ ಮೆತ್ತಗಿನ ಲೀಡರ್ ಇದ್ದಲ್ಲಿ ಚೆನ್ನಾಗಾಯಿತು. ಹಾಗಾಗಿ ಮಾತುಗಾರರು ಮೊದಲು ತಂಡ ಹೇಗಿದೆ ನೋಡಿ. ಚುರುಕಾಗಿದ್ದರೆ ಬಾಯಿಗೆ ಬೀಗ ಬೇಕು. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಆರೇಳಕ್ಕೆ ಬರುವಷ್ಟರಲ್ಲಿ ಯಾರಾದರೂ ಬಾಯಿ ಬಿಡುತ್ತಾರೆ. ನಿಮ್ಮ ಅಭಿಪ್ರಾಯ ಕೊನೆಗೆ ಹೇಳಿ.

*ಮಾತು ಕಡಿಮೆ ಇದ್ದರೆ.* "ನೀವು ಬದಲಾಗಬೇಕು" ಎಂದು ಯಾರಾದರೂ ಬುದ್ಧಿ ಹೇಳಿದರೆ ಕೇಳಬೇಡಿ. ಎರಡು ಉಪಾಯ ಮಾಡಿ. ಮೀಟಿಂಗಿಗೆ ಒಂದು ಚೀಟಿಯಲ್ಲಿ ಒಂದೇ ವಿಷಯ ಬರೆದುಕೊಂಡು ಹೋಗಿ, ಮೊದಲ ಐದು ನಿಮಿಷದಲ್ಲೇ ಹೇಳಿಬಿಡಿ. ಅರ್ಧ ಗಂಟೆ ಸುಮ್ನೆ ಕೂತ ಮೇಲೆ ಬಾಯಿ ತೆರೆಯುವುದು ಬೆಟ್ಟದಷ್ಟು ಭಾರ. ಎರಡನೆಯದು, ಗುಂಪಿನಲ್ಲಿ ಆಗದ್ದನ್ನು ಒಬ್ಬೊಬ್ಬರ ಜೊತೆ ಮಾಡಿ. ಕ್ಯಾಂಟೀನ್ ಚಹಾ, ಬಸ್ ಸ್ಟ್ಯಾಂಡಿನವರೆಗಿನ ನಡಿಗೆ, ಇಷ್ಟು ಸಾಕು. ಇಡೀ ದಿನ ಜನರ ನಡುವೆ ನಿಂತ ಮೇಲೆ ಒಂದರ್ಧ ಗಂಟೆ ಒಬ್ಬರೇ ಇರಲು ಜಾಗವೊಂದನ್ನು ಮೊದಲೇ ನೋಡಿಟ್ಟುಕೊಳ್ಳಿ. ನನ್ನ ವಿದ್ಯಾರ್ಥಿಯೊಬ್ಬ ಕಾಲೇಜು ಡೇ ದಿನ ಲೈಬ್ರರಿಯ ಹಳೇ ಪತ್ರಿಕೆಗಳ ಕೋಣೆಗೆ ಹೋಗಿ ಕೂರುತ್ತಿದ್ದ. ಬಂದ ಮೇಲೆ ಮತ್ತೆ ಸರಿಯಾಗಿರುತ್ತಿದ್ದ.

*ದಾಕ್ಷಿಣ್ಯ ಜಾಸ್ತಿ ಇದ್ದರೆ.* ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಮ್ಮ ಕಡೆಯ ಮಕ್ಕಳು ಸೋಲುವುದು ಹೆಚ್ಚಾಗಿ ಇಲ್ಲೇ.

ಕಾಲೇಜು ಡೇಗೆ ಮೈಕ್‌ಸೆಟ್ ಬೇಕು. ಲೀಡರ್‌ನ ಊರಿನವರೇ ಒಬ್ಬರು ಬರುತ್ತಾರೆ. ರೇಟು ಮಾತಾಡಲು ಮುಜುಗರ. ಅಡ್ವಾನ್ಸ್ ಕೊಟ್ಟದ್ದಕ್ಕೆ ರಸೀದಿ ಕೇಳಲು ಸಂಕೋಚ. ಅಲಂಕಾರದ ಹೊಣೆ ಹೊತ್ತ ಗೆಳೆಯ ಎರಡು ಸಲ ದುಡ್ಡು ತೆಗೆದುಕೊಂಡು ಹೋಗಿದ್ದಾನೆ, ಬಿಲ್ ತಂದಿಲ್ಲ. "ಹೋಗ್ಲಿ ಬಿಡು, ನಮ್ಮವನೇ ಅಲ್ವಾ." ಕಾರ್ಯಕ್ರಮ ಚೆನ್ನಾಗಿ ಮುಗಿಯುತ್ತದೆ. ಮರುವಾರ ಲೆಕ್ಕ ಒಪ್ಪಿಸಲು ಕೂತಾಗ ಕಡಿಮೆ ಬಿದ್ದ ದುಡ್ಡನ್ನು ಲೀಡರ್ ಮನೆಯಿಂದ ತಂದು ತುಂಬುತ್ತಾನೆ. ಯಾರಿಗೂ ಹೇಳುವುದಿಲ್ಲ. ಇಂಥ ಮೂವರನ್ನು ನಾನೇ ಕಂಡಿದ್ದೇನೆ. ಒಬ್ಬಳು ಸ್ಕಾಲರ್‌ಶಿಪ್ ದುಡ್ಡು ಸುರಿದಿದ್ದಳು.

ಇಂಥವರಿಗೆ "ಗಟ್ಟಿ ಆಗು" ಎಂದರೆ ಪ್ರಯೋಜನವಿಲ್ಲ. ಮನುಷ್ಯನ ಎದುರು ಇಲ್ಲ ಎನ್ನಲು ಇವರಿಂದಾಗದು. ಆದರೆ ನಿಯಮದ ಹಿಂದೆ ನಿಂತು ಹೇಳಲು ಆಗುತ್ತದೆ. ಮೊದಲ ದಿನವೇ, ಯಾರ ಮೇಲೂ ಅನುಮಾನ ಇಲ್ಲದಿರುವಾಗಲೇ, ಎಲ್ಲರ ಎದುರು ನಾಲ್ಕು ನಿಯಮ ಬರೆದು ಗೋಡೆಗೆ ಅಂಟಿಸಿ. ಬಿಲ್ ಇಲ್ಲದೆ ಎರಡನೇ ಸಲ ದುಡ್ಡಿಲ್ಲ. ಯಾವ ಕೆಲಸಕ್ಕೂ ಕನಿಷ್ಠ ಇಬ್ಬರ ಹತ್ತಿರ ರೇಟು ಕೇಳಬೇಕು. ದಿನದ ಲೆಕ್ಕ ಅವತ್ತೇ ಗುಂಪಿಗೆ. ದುಡ್ಡು ಒಬ್ಬರ ಕೈಲಿ, ಪುಸ್ತಕ ಇನ್ನೊಬ್ಬರ ಕೈಲಿ. ಆಮೇಲೆ ಗೆಳೆಯ ಬಂದಾಗ ಗೋಡೆ ತೋರಿಸಿದರಾಯಿತು. "ನಾನಲ್ಲ ಮಾರಾಯ, ರೂಲ್ಸು."

ಇನ್ನೆರಡು ಮಾತು ಬಾಯಿಪಾಠ ಮಾಡಿಕೊಳ್ಳಿ. "ನಾಳೆ ಬೆಳಿಗ್ಗೆ ಹೇಳ್ತೀನಿ" ಒಂದು. "ಅದು ಆಗಲ್ಲ, ಆದರೆ ಇದು ಆಗುತ್ತೆ" ಇನ್ನೊಂದು. ಮೊದಲನೆಯದು ಒಂದು ರಾತ್ರಿ ಉಸಿರಾಡಲು ಬಿಡುತ್ತದೆ. ದಾಕ್ಷಿಣ್ಯದವರು ಒಪ್ಪಿ ಕೆಡುವುದು ಆ ಕ್ಷಣದಲ್ಲಿ ಮಾತ್ರ.

ದಾಕ್ಷಿಣ್ಯವೇ ಇಲ್ಲದವರದ್ದು ಇನ್ನೊಂದು ಪಾಡು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎಂಬ ಗಾದೆ ಅವರಿಗೆಂದೇ ಇದೆ. ಅವರಿಗೆ ನನ್ನದು ಒಂದೇ ವಿನಂತಿ: ತಪ್ಪು ತೋರಿಸುವುದನ್ನು ಗುಂಪಿನಲ್ಲಿ ಮಾಡಬೇಡಿ, ಪಕ್ಕಕ್ಕೆ ಕರೆದು ಹೇಳಿ.

*ಅಚ್ಚುಕಟ್ಟು.* ಲೀಡರ್ ಆಗುವುದಕ್ಕೂ ಇದಕ್ಕೂ 0.33 ನಂಟು, ಚೆನ್ನಾಗಿ ನಡೆಸುವುದಕ್ಕೆ 0.16. ಅರ್ಧಕ್ಕಿಳಿಯಿತು! ಯಾಕೆ ಎಂದು ಅಂಕಿ ಹೇಳುವುದಿಲ್ಲ, ನಾನು ಕಂಡದ್ದನ್ನು ಹೇಳುತ್ತೇನೆ. ಅಚ್ಚುಕಟ್ಟಿನವರು ಎಲ್ಲವನ್ನೂ ತಾವೇ ಮಾಡುತ್ತಾರೆ. ಬೇರೆಯವರು ಬರೆದ ಬ್ಯಾನರನ್ನು ರಾತ್ರಿ ಕೂತು ಮತ್ತೆ ಬರೆಯುತ್ತಾರೆ. ಮರುದಿನದಿಂದ ಯಾರೂ ಬ್ಯಾನರ್ ಬರೆಯಲು ಬರುವುದಿಲ್ಲ. ಕೆಲಸ ಹಂಚಿದ ಮೇಲೆ ಅದನ್ನು ತಿದ್ದುವ ಹಕ್ಕನ್ನೂ ಬಿಟ್ಟುಕೊಡಿ. ಅಕ್ಷರ ಸೊಟ್ಟಗಿದ್ದರೆ ಇರಲಿ. ಇನ್ನು ಅಚ್ಚುಕಟ್ಟು ಕಡಿಮೆ ಇರುವವರು ತಾವು ಬದಲಾಗುವುದನ್ನು ಕಾಯದೆ ನೋಟ್‌ಬುಕ್ ಇಡುವವರೊಬ್ಬರನ್ನು ಜೊತೆಗಿಟ್ಟುಕೊಳ್ಳಿ.

*ಕುತೂಹಲ.* ಹೊಸ ಐಡಿಯಾ ಒಳ್ಳೆಯದೇ. ಕಾರ್ಯಕ್ರಮಕ್ಕೆ ಒಂದು ವಾರ ಇರುವಾಗ ಐಡಿಯಾ ಅಂಗಡಿ ಮುಚ್ಚಿ.

*ಕಳವಳ.* ಇದನ್ನು ಎಲ್ಲರೂ ದೋಷ ಎನ್ನುತ್ತಾರೆ. ಅಂಕಿಯೂ ಹಾಗೇ ಇದೆ, ಸೊನ್ನೆಗಿಂತ ಕೆಳಗೆ 0.24, ಅಂದರೆ ಕಳವಳ ಏರಿದಂತೆ ನಾಯಕತ್ವ ಇಳಿಯುವ ಕಡೆ ವಾಲು. ಆದರೆ ನಮ್ಮಂಥ ಮಳೆ ಸೀಮೆಯಲ್ಲಿ ತಾಡಪಾಲು ತರಬೇಕೆಂದು ನೆನಪಾಗುವುದು ಕಳವಳದವರಿಗೇ. ತೊಂದರೆ ಇರುವುದು ಕಳವಳ ಹರಡಿದಾಗ. ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್ ಗುಂಪಿಗೆ "ನಾಳೆ ಏನಾಗುತ್ತೋ ಗೊತ್ತಿಲ್ಲ" ಎಂದು ಬರೆದರೆ ನಲವತ್ತು ಜನರ ನಿದ್ದೆ ಹೋಯಿತು. ರಾತ್ರಿ ಹತ್ತು ಗಂಟೆಯ ಮೇಲೆ ಮೆಸೇಜ್ ಬೇಡ. ಕಳವಳವನ್ನು ಕಾಗದಕ್ಕಿಳಿಸಿ, ಒಂದೊಂದರ ಮುಂದೆ ಯಾರು ಏನು ಮಾಡಬೇಕು ಎಂದು ಬರೆಯಿರಿ. ಮುಂದೆ ಬರೆಯಲು ಏನೂ ಇಲ್ಲದ ಸಾಲುಗಳನ್ನು ಒಬ್ಬ ನಂಬಿಕಸ್ಥ ಗೆಳೆಯನಿಗೆ ಮಾತ್ರ ಹೇಳಿ.

ಹಂತ 3: ಸ್ವಭಾವ ಅಲ್ಲದ್ದನ್ನು ಸ್ವಭಾವ ಅಂದುಕೊಳ್ಳಬೇಡಿ

"ಆ ಹುಡುಗಿಗೆ ಲೀಡರ್‌ಶಿಪ್ ಆಸಕ್ತಿ ಇಲ್ಲ ಸರ್, ಮೀಟಿಂಗಿಗೇ ಬರಲ್ಲ." ಬಹಳ ಕೇಳಿದ ಮಾತಿದು. ವಿಚಾರಿಸಿದರೆ ಅವಳ ಊರಿಗೆ ಸಂಜೆ ಇರುವುದು ಒಂದೇ ಬಸ್ಸು. ಮೀಟಿಂಗ್ ಇಟ್ಟದ್ದು ಕಾಲೇಜು ಬಿಟ್ಟ ಮೇಲೆ. ಹೊಸನಗರ, ಸೊರಬ, ಕೊಪ್ಪದ ಒಳ ಹಳ್ಳಿಗಳಿಂದ ಓಡಾಡುವ ಮಕ್ಕಳಿಗೆ ಸಂಕೋಚ ಇರಬಹುದು, ಇಲ್ಲದಿರಬಹುದು. ಬಸ್ಸಿನ ತಾಪತ್ರಯವಂತೂ ಇದೆ. ಮೀಟಿಂಗನ್ನು ಮಧ್ಯಾಹ್ನ ಊಟದ ಹೊತ್ತಿಗೆ ತಂದು ನೋಡಿ. 'ಆಸಕ್ತಿ ಇಲ್ಲದವರು' ಎಷ್ಟು ಜನ ಬರುತ್ತಾರೆ ಎಣಿಸಿ.

ಭಾಷೆಯದ್ದೂ ಇದೇ ಕಥೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗ ಇಂಗ್ಲಿಷಿನಲ್ಲಿ ನಡೆಯುವ ಮೀಟಿಂಗಿನಲ್ಲಿ ಮೂಕ. ಅದೇ ಹುಡುಗ ಊರಿನ ಗಣಪತಿ ಹಬ್ಬದ ಚಂದಾ ಲೆಕ್ಕ, ಮೆರವಣಿಗೆ, ಪ್ರಸಾದ ಎಲ್ಲ ಒಬ್ಬನೇ ನಿಂತು ನಡೆಸಿರುತ್ತಾನೆ. ಅವನನ್ನು ಅಂತರ್ಮುಖಿ ಎಂದು ಬರೆದು ಪಕ್ಕಕ್ಕಿಟ್ಟರೆ ನಷ್ಟ ತಂಡಕ್ಕೆ. ಯಾರನ್ನಾದರೂ ಅಳೆಯುವ ಮೊದಲು "ನಿಮ್ಮೂರಲ್ಲಿ ಏನು ಕೆಲಸ ಮೇಲೆ ಹಾಕ್ಕೊಂಡಿದ್ದೆ?" ಎಂದು ಒಂದು ಪ್ರಶ್ನೆ ಕೇಳಿ.

ಹಂತ 4: ಆರಿಸುವ ರೀತಿ ಬದಲಿಸಿ

ಮೊದಲ ಸಂಜೆಯ ಆಯ್ಕೆ ಬಿಟ್ಟುಬಿಡಿ. ಎನ್‌ಎಸ್‌ಎಸ್ ವಿಶೇಷ ಶಿಬಿರ ಏಳು ದಿನದ್ದು. ನಮ್ಮಲ್ಲಿ ಮಕ್ಕಳನ್ನು ತುಂಗಾ, ಭದ್ರಾ, ಶರಾವತಿ, ವರದಾ, ಕುಮುದ್ವತಿ ಎಂದು ಐದು ತಂಡ ಮಾಡುತ್ತೇವೆ. ಈಗ ನಾನು ಮಾಡುವುದು ಇಷ್ಟು. ಮೊದಲ ಎರಡು ದಿನ ಯಾರೂ ಲೀಡರ್ ಅಲ್ಲ. ಪ್ರತಿ ತಂಡದಲ್ಲಿ ಬೆಳಿಗ್ಗೆ ಒಬ್ಬರು, ಮಧ್ಯಾಹ್ನ ಒಬ್ಬರು, ಸಂಜೆ ಒಬ್ಬರು ಸರದಿಯಲ್ಲಿ ನಡೆಸುತ್ತಾರೆ. ಎರಡು ದಿನಕ್ಕೆ ಆರು ಜನರ ಕೆಲಸ ಕಣ್ಣಿಗೆ ಬಿದ್ದಿರುತ್ತದೆ.

ಎರಡನೇ ರಾತ್ರಿ ಎಲ್ಲರಿಗೂ ಚೀಟಿ. ಅದರಲ್ಲಿ ಹೆಸರು ಮಾತ್ರ ಅಲ್ಲ, "ಇವರು ಮಾಡಿದ ಒಂದು ಕೆಲಸ" ಎಂದೂ ಬರೆಯಬೇಕು. ಕೆಲಸ ಬರೆಯದ ಚೀಟಿ ಲೆಕ್ಕಕ್ಕಿಲ್ಲ. ಈ ಒಂದು ಷರತ್ತು ಹಾಕಿದ ವರ್ಷವೇ ಫಲಿತಾಂಶ ಬೇರೆ ಬಂತು. "ಜೋಶ್ ಇದೆ" ಎಂದು ಬರೆದವರು ಕೆಲಸ ನೆನಪಾಗದೆ ಪೆನ್ನು ಕಚ್ಚುತ್ತಾ ಕೂತಿದ್ದರು.

ಹಂತ 5: ಒಬ್ಬರ ಮೇಲೆ ಎಲ್ಲ ಹೊರಿಸಬೇಡಿ

ನಮ್ಮ ಶಿವಮೊಗ್ಗ ಜಿಲ್ಲೆಯದೇ ಉದಾಹರಣೆ ಇದೆ. 1951ರ ಕಾಗೋಡು ಸತ್ಯಾಗ್ರಹ. ಸಾಗರ ತಾಲ್ಲೂಕಿನ ಗೇಣಿದಾರರು ಭೂಮಾಲೀಕರ ಎದುರು ನಿಂತರು. ಗೇಣಿ ಭತ್ತ ಅಳೆಯುವ ಕೊಳಗದ ಅಳತೆಯೇ ಜಗಳದ ಒಂದು ಮೂಲ. ಎಚ್. ಗಣಪತಿಯಪ್ಪ ಗೇಣಿದಾರರನ್ನು ಒಟ್ಟು ಮಾಡಿದರು. ಇನ್ನೂ 30 ತುಂಬದ ಶಾಂತವೇರಿ ಗೋಪಾಲಗೌಡರು ಸಮಾಜವಾದಿ ಪಕ್ಷದ ಬಲ ತಂದು ನಿಲ್ಲಿಸಿದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು, ಸುದ್ದಿ ದೂರ ಹೋಯಿತು. ಊರಲ್ಲಿ ಜನ ಸೇರಿಸುವುದು, ಸಂಘಟನೆಯ ಬೆನ್ನು ಕೊಡುವುದು, ಹೊರಗಿನ ಕಿವಿಗೆ ಮುಟ್ಟಿಸುವುದು ಮೂರೂ ಬೇರೆ ಬೇರೆ ಕೆಲಸ. ಮೂರಕ್ಕೂ ಒಬ್ಬರನ್ನೇ ಹುಡುಕಿದ್ದರೆ ಕಾಯುತ್ತಲೇ ಇರಬೇಕಿತ್ತು.

ಕಾಲೇಜಿನ ಮಟ್ಟಕ್ಕೆ ಇಳಿಸಿದರೆ ಮೂರು ಜನ ಸಾಕು. ಮುಂದೆ ನಿಂತು ಮಾತಾಡುವವರೊಬ್ಬರು. ಪುಸ್ತಕ ಮತ್ತು ಗಡಿಯಾರ ನೋಡುವವರೊಬ್ಬರು. ಮುನಿಸಿಕೊಂಡವರನ್ನು ಸಮಾಧಾನ ಮಾಡಿ ಕರೆತರುವವರೊಬ್ಬರು. ಮೂರನೆಯವರಿಗೆ ಯಾವ ಕಮಿಟಿಯಲ್ಲೂ ಹುದ್ದೆ ಇರುವುದಿಲ್ಲ. ಅವರಿಲ್ಲದ ಕಮಿಟಿ ಎರಡನೇ ವಾರಕ್ಕೇ ಒಡೆಯುತ್ತದೆ. ಹಾಗಾಗಿ ಅವರಿಗೂ ಒಂದು ಹುದ್ದೆ ಕೊಡಿ, ಆಮಂತ್ರಣ ಪತ್ರಿಕೆಯಲ್ಲಿ ಹೆಸರು ಹಾಕಿ. ಗೆಳೆಯರನ್ನೇ ಮೂರೂ ಜಾಗಕ್ಕೆ ತುಂಬಬೇಡಿ. ಗೆಳೆಯರು ಸಾಮಾನ್ಯವಾಗಿ ನಮ್ಮದೇ ಸ್ವಭಾವದವರು, ಒಂದೇ ಹಳ್ಳಕ್ಕೆ ಒಟ್ಟಿಗೆ ಬೀಳುತ್ತೀರಿ.

ಹಂತ 6: ಮೀಟಿಂಗ್

ನಲವತ್ತು ನಿಮಿಷ ಮೀರಬಾರದು. ಮೊದಲ ಐದು ನಿಮಿಷ ಯಾರೂ ಮಾತಾಡುವುದಿಲ್ಲ, ವಿಷಯ ಬೋರ್ಡಿನ ಮೇಲಿರುತ್ತದೆ, ಎಲ್ಲರೂ ತಮ್ಮ ಅಭಿಪ್ರಾಯ ಕಾಗದದ ಮೇಲೆ ಬರೆಯುತ್ತಾರೆ. ಆಮೇಲೆ ಸುತ್ತು ಹಾಕಿ ಒಬ್ಬೊಬ್ಬರೇ ಓದುತ್ತಾರೆ. ಚರ್ಚೆ ಆಮೇಲೆ. ಮಾತು ಕಡಿಮೆ ಇರುವವರ ವಿಚಾರ ಇಷ್ಟರಲ್ಲೇ ಹೊರಬಂದಿರುತ್ತದೆ, ಮಾತುಗಾರರಿಗೂ ಅನ್ಯಾಯ ಆಗಿರುವುದಿಲ್ಲ. ಕೊನೆಯ ಐದು ನಿಮಿಷ ಲೆಕ್ಕದ ಪುಸ್ತಕ ಹಿಡಿದವರು "ಯಾರು, ಏನು, ಯಾವತ್ತಿಗೆ" ಎಂದು ಜೋರಾಗಿ ಓದಬೇಕು. ಮೊದಲ ಸಲ ಮಕ್ಕಳು ನಕ್ಕರು, ಪರೀಕ್ಷೆ ಬರೆದ ಹಾಗಿದೆ ಎಂದು. ಮೂರನೇ ಸಲ ತಾವೇ ಕಾಗದ ತಂದರು.

ಹಂತ 7: ಒಂದೇ ಒಂದು ಅಭ್ಯಾಸ ಬದಲಿಸಿ

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ ಹಿರಿಯರು. ಅರ್ಧ ನಿಜ. 2015ರಲ್ಲಿ ನಾಥನ್ ಹಡ್ಸನ್ ಮತ್ತು ಕ್ರಿಸ್ ಫ್ರೇಲಿ ಎಂಬ ಇಬ್ಬರು ಸಂಶೋಧಕರು ಕಾಲೇಜು ವಿದ್ಯಾರ್ಥಿಗಳನ್ನು 16 ವಾರ ಹಿಂಬಾಲಿಸಿದರು. ಬದಲಾಗಬೇಕೆಂದು ಬಯಸಿದವರ ಗುಣ ನಿಜಕ್ಕೂ ಆ ಕಡೆ ಸರಿದಿತ್ತು, ಸ್ವಲ್ಪ ಮಾತ್ರ. "ನಾನು ಇನ್ನೂ ಧೈರ್ಯವಾಗಿರುತ್ತೇನೆ" ಎಂಬ ಮೋಡದಂಥ ಸಂಕಲ್ಪ ಕೆಲಸಕ್ಕೆ ಬರಲಿಲ್ಲ. "ಇಂಥ ಸಂದರ್ಭ ಬಂದರೆ ಇಂಥದ್ದು ಮಾಡುತ್ತೇನೆ" ಎಂದು ನಿರ್ದಿಷ್ಟವಾಗಿ ಬರೆದದ್ದು ಕೆಲಸಕ್ಕೆ ಬಂತು.

16 ವಾರ ಅಂದರೆ ನಮ್ಮ ಒಂದು ಸೆಮಿಸ್ಟರ್ ಹತ್ತಿರ ಹತ್ತಿರ. ಸೆಮಿಸ್ಟರಿಗೊಂದು ಸಾಲು ಆರಿಸಿಕೊಳ್ಳಿ. 'ಸೋಮವಾರ ಮೊದಲ ಕ್ಲಾಸಿನ ನಂತರ ಒಬ್ಬ ಹೊಸಬರ ಹತ್ತಿರ ಊರು ಯಾವುದು ಎಂದು ಕೇಳುತ್ತೇನೆ.' 'ಯಾರಾದರೂ ಸಾಲ ಕೇಳಿದರೆ ನಾಳೆ ಹೇಳ್ತೀನಿ ಎನ್ನುತ್ತೇನೆ.' ಹೆಚ್ಚು ಬೇಡ. ಆರು ಸೆಮಿಸ್ಟರಿಗೆ ಆರಾಗುತ್ತದೆ. ಸಹಿ ಹಾಕಿಸಲು ಹೆದರುತ್ತಿದ್ದ ಹುಡುಗ ಬರೆದುಕೊಂಡದ್ದು 'ಬುಧವಾರ ಹನ್ನೊಂದಕ್ಕೆ, ಕಾಗದ ಇರಲಿ ಬಿಡಲಿ, ಪ್ರಿನ್ಸಿಪಾಲರಿಗೆ ನಮಸ್ಕಾರ ಹೇಳಿ ಬರುತ್ತೇನೆ.' ಕೊನೆಕೊನೆಗೆ ಬುಧವಾರ ಅವನು ಬರದಿದ್ದರೆ ಅವರೇ ವಿಚಾರಿಸುತ್ತಿದ್ದರು.

ಹಂತ 8: ಪುಸ್ತಕ ದಾಟಿಸಿ

ಕಾಲೇಜು ತಂಡಗಳ ದೊಡ್ಡ ಶಾಪ ಮರೆವು. ಮೂರು ವರ್ಷಕ್ಕೆ ಎಲ್ಲರೂ ಹೊರಟು ಹೋಗುತ್ತಾರೆ, ಮುಂದಿನವರು ಅದೇ ತಪ್ಪಿನಿಂದ ಶುರು ಮಾಡುತ್ತಾರೆ. ಕೆಲಸ ಮುಗಿದ ಮೂರು ದಿನದೊಳಗೆ ಒಂದು ಗಂಟೆ ಕೂತು ಬರೆಯಿರಿ. ದುಡ್ಡು ಎಲ್ಲಿ ಸೋರಿತು, ಯಾರ ಫೋನ್ ನಂಬರ್ ಕೆಲಸಕ್ಕೆ ಬಂತು, ಯಾವ ದಿನ ಜಗಳ ಆಯಿತು, ಅದು ಸ್ವಭಾವದ ಜಗಳವೋ ಹಸಿವಿನ ಜಗಳವೋ. ಹಸಿವಿನದ್ದೇ ಜಾಸ್ತಿ ಇರುತ್ತದೆ, ನೋಡಿ ಬೇಕಾದರೆ. ಬೈಗುಳ ಬರೆಯಬೇಡಿ, ಹೊಗಳಿಕೆಯೂ ಬೇಡ.

ತೀರ್ಥಹಳ್ಳಿ ಕಡೆಯ ಆ ಹುಡುಗಿಯ ನೋಟ್‌ಬುಕ್ ಈಗಲೂ ನಮ್ಮ ಎನ್‌ಎಸ್‌ಎಸ್ ಕೋಣೆಯ ಬೀರುವಿನಲ್ಲಿದೆ. ಮುಂದಿನ ವರ್ಷದ ಕ್ಯಾಂಪಿಗೆ ಅವಳೇ ಲೀಡರ್ ಆದಳು, ಚೀಟಿಯಲ್ಲಿ. ಅಂತ್ಯಾಕ್ಷರಿ ಹುಡುಗ ಮೈಕು ಹಿಡಿದ, ಇಬ್ಬರಿಗೂ ಒಳ್ಳೆಯ ಜೊತೆಯಾಯಿತು. ಅವಳು ಕೊನೆಯ ಪುಟದಲ್ಲಿ ಬರೆದದ್ದು ಇಷ್ಟು: "ಹಾರೆ ಎರಡು ಕಡಿಮೆ ಬಿತ್ತು. ಪಂಚಾಯಿತಿಯಲ್ಲಿ ಮೊದಲೇ ಕೇಳಿ. ಅಂಗನವಾಡಿ ಪಕ್ಕದ ಅಮ್ಮನ ದೊಡ್ಡ ಪಾತ್ರೆ ಇನ್ನೂ ನಮ್ಮ ಹತ್ತಿರವೇ ಇದೆ. ಯಾರಾದರೂ ಆ ಕಡೆ ಹೋದರೆ ಕೊಟ್ಟು ಬನ್ನಿ."